ಒಬ್ಬ ಬಾಕ್ಸರ್‌ನ ಎಡಗಣ್ಣು: ಒಂದು ಪ್ರಕರಣ ಅಧ್ಯಯನ

ಒಂಬತ್ತು ವೃತ್ತಿಪರ ಪಂದ್ಯ ಆಡಿ ಒಂಬತ್ತನ್ನೂ ಗೆದ್ದ ಒಬ್ಬ ಹುಡುಗನ ಪ್ರಕರಣ ಇದು. ಹತ್ತನೆಯ ಪಂದ್ಯ ನಡೆಯಲೇ ಇಲ್ಲ. ಕಾರಣ, ಎಡಗಣ್ಣಿನ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಒಳಗೋಡೆಯಲ್ಲಿ ಬೆಳಕನ್ನು ಗ್ರಹಿಸುವ ತೆಳು ಪದರ.

ನಾನು ಬೆಂಗಳೂರಿನಲ್ಲಿ ಕ್ರೀಡಾಪಟುಗಳ ಜೊತೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್. ಈ ಹುಡುಗ ನನ್ನ ಬಳಿ ಬರುತ್ತಿದ್ದದ್ದು ಭುಜದ ನೋವಿಗೆ. ಕಣ್ಣಿನ ವಿಷಯವನ್ನು ಆತ, ಆತನ ಕೋಚ್, ಅಕ್ಕ ಮತ್ತು ಆಪರೇಷನ್ ಮಾಡಿದ ಡಾಕ್ಟರ್ ಹೇಳಿದ್ದನ್ನು ಕೇಳಿ, ಆಸ್ಪತ್ರೆಯ ಕಾಗದಪತ್ರ ನೋಡಿ ಬರೆದಿದ್ದೇನೆ. ಬರೆಯಿರಿ ಎಂದವನು ಆತನೇ. ಗುರುತು ಸಿಗಬಾರದೆಂದು ಊರು, ವರ್ಷ, ತೂಕದ ವರ್ಗ ಕೊಟ್ಟಿಲ್ಲ. ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ನಿರ್ಧಾರಗಳು ಮಾತ್ರ ನಡೆದ ಹಾಗೆಯೇ ಇವೆ, ಏಕೆಂದರೆ ಬೇರೆ ಬಾಕ್ಸರ್‌ಗಳಿಗೆ, ಕೋಚ್‌ಗಳಿಗೆ, ಅಪ್ಪ ಅಮ್ಮಂದಿರಿಗೆ ಉಪಯೋಗಕ್ಕೆ ಬರುವುದು ಅವೇ.

ಗರಡಿಯಿಂದ ರಿಂಗ್‌ಗೆ

ಹುಡುಗ ಉತ್ತರ ಕರ್ನಾಟಕದವನು. ಊರಲ್ಲಿ ಗರಡಿಮನೆ ಇತ್ತು, ಮನೆಯಲ್ಲಿ ಕುಸ್ತಿಯ ಹುಚ್ಚು ಇತ್ತು. ಆದರೆ ಆತನ ಕೈ ಉದ್ದ, ಮೈ ತೆಳು. ಕ್ರೀಡಾ ಹಾಸ್ಟೆಲ್‌ಗೆ ಸೇರಿದಾಗ ಅಲ್ಲಿದ್ದ ಒಬ್ಬ ಕೋಚ್ ಅದನ್ನು ನೋಡಿ ಬಾಕ್ಸಿಂಗ್‌ಗೆ ಎಳೆದುಕೊಂಡರು. ನಮ್ಮ ದೇಶದಲ್ಲಿ ಬಾಕ್ಸಿಂಗ್ ಅಂದರೆ ಹರಿಯಾಣ, ಮಣಿಪುರದ ಹೆಸರು ಮೊದಲು ಬರುತ್ತದೆ. ಕರ್ನಾಟಕದ ಹುಡುಗನೊಬ್ಬ ಅಲ್ಲಿಯವರನ್ನು ಸೋಲಿಸಿದರೆ ಕೂಡಲೇ ಕಣ್ಣಿಗೆ ಬೀಳುತ್ತಾನೆ. ಈತ ಹಾಗೆ ಕಣ್ಣಿಗೆ ಬಿದ್ದ. ಕಾಲೇಜು ಮಟ್ಟದಲ್ಲಿ ಪದಕ ಬಂತು, ಆ ಪದಕದ ಬಲದಿಂದ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸವೂ ಸಿಕ್ಕಿತು.

ಹದಿನಾಲ್ಕನೇ ವಯಸ್ಸಿಗೇ ಕನ್ನಡಕ ಬಂದಿತ್ತು. ಹತ್ತೊಂಬತ್ತಕ್ಕೆ ಪವರ್ ಮೈನಸ್ ಐದು ದಾಟಿತ್ತು. ರಿಂಗ್‌ನಲ್ಲಿ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದ. ಲೆನ್ಸ್ ಕೊಡುವಾಗ ಅಂಗಡಿಯ ಆಪ್ಟೋಮೆಟ್ರಿಸ್ಟ್ ಒಂದು ಮಾತು ಹೇಳಿದ್ದರು: ಪವರ್ ಜಾಸ್ತಿ ಇದೆ, ಬಾಕ್ಸಿಂಗ್ ಬೇರೆ ಆಡುತ್ತೀಯ, ಕಣ್ಣಿಗೆ ಡ್ರಾಪ್ಸ್ ಹಾಕಿಸಿ ರೆಟಿನಾ ಒಮ್ಮೆ ತೋರಿಸು. ಆತ ಹೋಗಲಿಲ್ಲ. ಡ್ರಾಪ್ಸ್ ಹಾಕಿದರೆ ಅರ್ಧ ದಿನ ಎಲ್ಲ ಮಂಜು, ಒಂದು ದಿನದ ಪ್ರಾಕ್ಟೀಸ್ ಹೋಗುತ್ತದೆ ಎಂಬುದು ಹೊರಗಿನ ಕಾರಣ. ಒಳಗಿನ ಕಾರಣ ಬೇರೆ. ಏನಾದರೂ ಕಂಡರೆ ಅದು ಕಾಗದದ ಮೇಲೆ ಬರುತ್ತದೆ, ಕಾಗದದ ಮೇಲೆ ಬಂದರೆ ಯಾರಾದರೂ ಕೇಳುತ್ತಾರೆ.

ಮೈನಸ್ ಪವರ್ ಇರುವ ಕಣ್ಣಿಗೆ ಯಾಕೆ ಈ ಭಯ? ಅಂಥ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆದಿರುತ್ತದೆ. ಒಳಗೋಡೆಗೆ ಅಂಟಿರುವ ರೆಟಿನಾ ಅದರ ಜೊತೆ ಹಿಗ್ಗಿ ಅಂಚಿನಲ್ಲಿ ತೆಳ್ಳಗಾಗುತ್ತದೆ. ಕೆಲವರಲ್ಲಿ ಆ ಅಂಚು ಜಾಳುಜಾಳಾಗಿರುತ್ತದೆ. ಡಾಕ್ಟರ್‌ಗಳು ಇದನ್ನು ಲ್ಯಾಟಿಸ್ ಎನ್ನುತ್ತಾರೆ. ಕಣ್ಣಿಗೆ ಗುದ್ದು ಬಿದ್ದಾಗ ಗುಡ್ಡೆ ಮುಂದಿನಿಂದ ಹಿಂದಕ್ಕೆ ಅಮುಕುತ್ತದೆ, ಸುತ್ತಳತೆಯಲ್ಲಿ ಉಬ್ಬುತ್ತದೆ. ಒಳಗಿರುವ ಲೋಳೆಯಂಥ ದ್ರವ ಆ ಕ್ಷಣದಲ್ಲಿ ರೆಟಿನಾದ ಅಂಚನ್ನು ಜಗ್ಗುತ್ತದೆ. ತೆಳ್ಳಗಿರುವ ಕಡೆ ಹರಿಯುತ್ತದೆ. ಆ ಹರಿದ ಬಾಯಿಂದ ನೀರು ಹಿಂದೆ ಸೇರಿಕೊಂಡರೆ, ಗೋಡೆಗೆ ಅಂಟಿಸಿದ ಕಾಗದ ತೇವಕ್ಕೆ ಬಿಟ್ಟುಕೊಳ್ಳುವ ಹಾಗೆ ರೆಟಿನಾ ಕಳಚುತ್ತಾ ಹೋಗುತ್ತದೆ. ಲೇಸರ್ ಮಾಡಿಸಿ ಕನ್ನಡಕ ತೆಗೆಸಿಕೊಂಡರೂ ಈ ಅಪಾಯ ಹೋಗುವುದಿಲ್ಲ. ಆ ಲೇಸರ್ ಕಣ್ಣಿನ ಮುಂಭಾಗವನ್ನು ಮಾತ್ರ ತಿದ್ದುತ್ತದೆ. ಹಿಂದಿನ ಗೋಡೆ ಇದ್ದ ಹಾಗೇ ಇರುತ್ತದೆ.

1980ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ 74 ಬಾಕ್ಸರ್‌ಗಳ ಕಣ್ಣನ್ನು ಡಾಕ್ಟರ್‌ಗಳು ಪೂರ್ತಿಯಾಗಿ ಪರೀಕ್ಷಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ದೃಷ್ಟಿಗೇ ಅಪಾಯ ತರಬಲ್ಲ ಗಾಯಗಳು ಸಿಕ್ಕವು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ರೆಟಿನಾ ಹರಿದಿತ್ತು. ಅಷ್ಟು ಹಳೆಯ ವಿಷಯ ನಮ್ಮ ಜಿಮ್‌ಗಳಿಗೆ ಇನ್ನೂ ತಲುಪಿಲ್ಲ ಎನ್ನುವುದು ನನಗೆ ಬಹಳ ಬೇಸರ ತರುತ್ತದೆ.

ಕೆಲಸ ಬಿಟ್ಟ ದಿನ

2015ರಲ್ಲಿ ಒಲಿಂಪಿಕ್ ಪದಕ ಗೆದ್ದಿದ್ದ ಬಾಕ್ಸರ್ ವಿಜೇಂದರ್ ಸಿಂಗ್ ವೃತ್ತಿಪರ ಬಾಕ್ಸಿಂಗ್‌ಗೆ ಹೋದರು. ಮರುವರ್ಷ ದೆಹಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ ಏಷ್ಯಾ ಪೆಸಿಫಿಕ್ ಪಟ್ಟ ಗೆದ್ದರು. ಅದನ್ನು ಟಿವಿಯಲ್ಲಿ ನೋಡಿದ ಎಷ್ಟೋ ಹುಡುಗರ ತಲೆಯಲ್ಲಿ ಒಂದೇ ಯೋಚನೆ ಹೊಕ್ಕಿತು. ಈ ಹುಡುಗನೂ ಅವರಲ್ಲೊಬ್ಬ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಮೂರೇ ಸುತ್ತು. ಪದಕ ಬಂದರೆ ಸರ್ಕಾರಿ ಕೆಲಸ, ಬಡ್ತಿ, ರಜೆ, ಆಸ್ಪತ್ರೆ ಎಲ್ಲ ಉಂಟು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ನಾಲ್ಕು ಸುತ್ತಿನಿಂದ ಶುರುವಾಗಿ ಆರು, ಎಂಟು, ಹತ್ತಕ್ಕೆ ಏರಬೇಕು. ಹೆಡ್‌ಗಾರ್ಡ್ ಇಲ್ಲ, ಸಂಬಳ ಇಲ್ಲ. ಪಂದ್ಯಕ್ಕಿಷ್ಟು ಅಂತ ದುಡ್ಡು. ಈತನಿಗೆ ಮೊದಲ ಪಂದ್ಯಗಳಲ್ಲಿ ಸಿಕ್ಕಿದ್ದು ಒಂದು ತಿಂಗಳ ಸಣ್ಣ ಸಂಬಳದಷ್ಟು. ಅದರಲ್ಲೇ ಕೋಚ್, ಊಟ, ಓಡಾಟ ಎಲ್ಲ ಆಗಬೇಕು.

ಆತ ರೈಲ್ವೆ ಕೆಲಸಕ್ಕೆ ರಾಜೀನಾಮೆ ಕೊಟ್ಟ. ರಜೆ ಕೇಳಿ ನೋಡು ಎಂದು ಅಕ್ಕ ಹೇಳಿದ್ದಳು. ಒಂದು ಕಾಲು ದಡದಲ್ಲಿ ಇಟ್ಟುಕೊಂಡರೆ ಈಜಲು ಬರುವುದಿಲ್ಲ ಎಂದು ಆತ ವಾದಿಸಿದ. ಆ ರಾಜೀನಾಮೆಯ ಜೊತೆ ರೈಲ್ವೆ ಆಸ್ಪತ್ರೆಯ ಸೌಲಭ್ಯವೂ ಹೋಯಿತು. ಅದರ ಬದಲಿಗೆ ಆರೋಗ್ಯ ವಿಮೆ ಮಾಡಿಸಬೇಕು ಎಂದು ಆತನ ಸುತ್ತ ಯಾರಿಗೂ ಹೊಳೆಯಲಿಲ್ಲ. ಈ ಪ್ರಕರಣವನ್ನು ಹಿಂದಿರುಗಿ ನೋಡಿದರೆ, ನನ್ನ ಲೆಕ್ಕದಲ್ಲಿ ಮೊದಲ ದೊಡ್ಡ ತಿರುವು ಇದೇ. ಗುದ್ದು ಬೀಳುವುದಕ್ಕೆ ಎರಡು ವರ್ಷ ಮೊದಲೇ ಇದು ಆಗಿಹೋಗಿತ್ತು.

ನಂತರದ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಉದ್ದ ಎಡಗೈ ನೇರವಾಗಿ ಚಾಚಿ ಹೊಡೆಯುವ ಜ್ಯಾಬ್ ಎಂಬ ಗುದ್ದು, ಅದರ ಹಿಂದೆ ಬರುವ ನೇರ ಬಲಗೈ. ಎದುರಾಳಿ ಹತ್ತಿರ ಬರಲು ಒದ್ದಾಡುತ್ತಿದ್ದ. ಒಂಬತ್ತರಲ್ಲಿ ಆರು ಪಂದ್ಯ ನಾಕ್‌ಔಟ್. ದುಬೈನಲ್ಲಿ ಎಂಟು ಸುತ್ತಿನ ಪಂದ್ಯ ಗೊತ್ತಾಯಿತು. ಗೆದ್ದರೆ ಏಷ್ಯಾ ಮಟ್ಟದ ಪಟ್ಟಕ್ಕೆ ಆಡುವ ಸಾಲಿಗೆ ಬರುತ್ತಿದ್ದ. ದುಡ್ಡೂ ಆವರೆಗಿನ ಎಲ್ಲ ಪಂದ್ಯಗಳದ್ದು ಸೇರಿಸಿದರೆ ಆಗುವುದಕ್ಕಿಂತ ಜಾಸ್ತಿ.

ಮೂರು ವಾರದ ಮೌನ

ಪಂದ್ಯಕ್ಕೆ ಸುಮಾರು ಒಂದು ತಿಂಗಳಿತ್ತು. ತನಗಿಂತ ಭಾರದ ಹುಡುಗನ ಜೊತೆ ಸ್ಪಾರಿಂಗ್, ಅಂದರೆ ಅಭ್ಯಾಸದ ಕಾದಾಟ, ಮಾಡುತ್ತಿದ್ದ. ಆ ಹುಡುಗನ ಗ್ಲೌಸ್ ಹಳೆಯದು, ಹೆಬ್ಬೆರಳಿನ ಭಾಗ ಸಡಿಲವಾಗಿತ್ತು. ಪಕ್ಕದಿಂದ ಬೀಸಿದ ಒಂದು ಗುದ್ದು (ಹುಕ್) ಎಡಗಣ್ಣಿನ ಮೇಲೆ ಬಿತ್ತು. ಊತ ಬಂತು, ಐಸ್ ಇಟ್ಟರು, ಎರಡು ದಿನದಲ್ಲಿ ಇಳಿಯಿತು. ಜಿಮ್‌ನಲ್ಲಿ ಇದು ದಿನಾ ನಡೆಯುವ ಮಾತು.

ಕೆಲವು ದಿನ ಕಳೆದು ರಾತ್ರಿ ಕತ್ತಲಲ್ಲಿ ಕಣ್ಣು ಹೊರಳಿಸಿದಾಗ ಮೂಲೆಯಲ್ಲಿ ಮಿಂಚು ಹೊಡೆದಂತೆ ಆಗತೊಡಗಿತು. ಬೆಳಗ್ಗೆ ಆಕಾಶ ನೋಡಿದರೆ ಕಪ್ಪು ಚುಕ್ಕೆಗಳು. ರೂಮಿನಲ್ಲಿದ್ದ ಗೆಳೆಯನಿಗೆ ಮಾತ್ರ ಹೇಳಿದ: "ಕಣ್ಣಾಗ ಕರೇ ಚುಕ್ಕಿ ಹಾರಾಡಾಕತ್ತಾವಲೇ. ಸರ್‌ಗೆ ಹೇಳಬ್ಯಾಡ." ಗೆಳೆಯ ಹೇಳಲಿಲ್ಲ. ಅವನೂ ಬಾಕ್ಸರ್. ಹೇಳಬೇಡ ಎಂದಾಗ ಹೇಳದಿರುವುದೇ ನಿಯತ್ತು ಎಂದು ಆ ಲೋಕದಲ್ಲಿ ಕಲಿತವನು.

ಮಿಂಚು ಮತ್ತು ಹೊಸದಾಗಿ ಬಂದ ಕಪ್ಪು ಚುಕ್ಕೆ, ಇವೆರಡೂ ರೆಟಿನಾವನ್ನು ಯಾವುದೋ ಜಗ್ಗುತ್ತಿದೆ ಅಥವಾ ಅದು ಹರಿದಿದೆ ಎನ್ನುವುದರ ಸೂಚನೆ. ಈ ಹಂತದಲ್ಲಿ ಹೋದರೆ ಹರಿದ ಜಾಗದ ಸುತ್ತ ಲೇಸರ್‌ನಿಂದ ಸುಟ್ಟು ಬೇಲಿ ಹಾಕುತ್ತಾರೆ. ಆಸ್ಪತ್ರೆಯಲ್ಲಿ ಮಲಗುವ ಅಗತ್ಯ ಕೂಡ ಇರುವುದಿಲ್ಲ. ಆ ಸುಟ್ಟ ಗುರುತು ಗಟ್ಟಿಯಾಗಿ ಅಂಟಲು ಎರಡು ವಾರ ಹಿಡಿಯುತ್ತದೆ. ದುಬೈ ಪಂದ್ಯ ಹೇಗೂ ತಪ್ಪುತ್ತಿತ್ತು. ಆದರೆ ಹತ್ತನೇ ಪಂದ್ಯ ಮುಂದೆ ಎಂದಾದರೂ ನಡೆಯುವ ಸಾಧ್ಯತೆ ಉಳಿಯುತ್ತಿತ್ತು.

ಆಗಲೇ ಪಂದ್ಯದ ವೈದ್ಯಕೀಯ ಪರೀಕ್ಷೆಯೂ ನಡೆಯಿತು. ರಕ್ತ ಪರೀಕ್ಷೆ, ಇಸಿಜಿ, ಮೆದುಳಿನ ಸ್ಕ್ಯಾನ್ ಎಲ್ಲ ಸರಿಯಾಗಿತ್ತು. ಕಣ್ಣಿಗೆ ಮಾತ್ರ ಗೋಡೆಯ ಮೇಲಿನ ಅಕ್ಷರದ ಚಾರ್ಟ್. ಲೆನ್ಸ್ ಹಾಕಿಕೊಂಡು ಕೊನೆಯ ಸಾಲು ಓದಿದ. ಫಾರಂನಲ್ಲಿ "ಕಣ್ಣಿನ ತೊಂದರೆ ಇದೆಯೇ" ಎಂಬ ಪ್ರಶ್ನೆಗೆ "ಇಲ್ಲ" ಎಂದು ಬರೆದ. ರೆಟಿನಾದ ಅಂಚಿನಲ್ಲಿ ದೊಡ್ಡ ತೂತು ಇದ್ದರೂ ಚಾರ್ಟ್ ಪೂರ್ತಿ ಓದಬಹುದು. ಅಕ್ಷರ ಓದುವುದು ರೆಟಿನಾದ ನಡುವಿನ ಮ್ಯಾಕುಲಾ ಎಂಬ ಪುಟ್ಟ ಭಾಗ. ಅಂಚನ್ನು ನೋಡಬೇಕಾದರೆ ಡ್ರಾಪ್ಸ್ ಹಾಕಿ, ಪಾಪೆ ಹಿಗ್ಗಿಸಿ, ತಲೆಗೆ ದೀಪ ಕಟ್ಟಿಕೊಂಡು ಡಾಕ್ಟರೇ ಇಣುಕಬೇಕು. ಅಮೆರಿಕದ ನೆವಾಡಾ ರಾಜ್ಯದಲ್ಲಿ ಬಾಕ್ಸಿಂಗ್ ಲೈಸೆನ್ಸ್ ಬೇಕಿದ್ದರೆ ಈ ಪರೀಕ್ಷೆ ಕಡ್ಡಾಯ. ಇಲ್ಲಿ ಆ ದಿನ ಯಾರೂ ಕೇಳಲಿಲ್ಲ.

ಹುಡುಗ ಸುಳ್ಳು ಹೇಳಿದ, ಅನುಭವಿಸಿದ ಎಂದು ಸುಲಭವಾಗಿ ಹೇಳಿಬಿಡಬಹುದು. ನನಗೆ ಅದು ಅನ್ಯಾಯ ಎನಿಸುತ್ತದೆ. ನಿಜ ಹೇಳಿದ್ದರೆ ಆತ ಏನು ಕಳೆದುಕೊಳ್ಳುತ್ತಿದ್ದ ಎಂದು ಯೋಚಿಸಿ. ಪಂದ್ಯ, ದುಡ್ಡು, ಸಾಲಿನಲ್ಲಿದ್ದ ಜಾಗ. ಒಪ್ಪಂದದಲ್ಲಿ ಪಂದ್ಯ ಮುಂದೂಡುವ ಮಾತೇ ಇರಲಿಲ್ಲ. ಆಡದಿದ್ದರೆ ಬೇರೆಯವನು ಆಡುತ್ತಾನೆ, ಅಷ್ಟೇ. ಸುಮ್ಮನಿದ್ದರೆ ಮಾತ್ರ ಏನೋ ಸಿಗುತ್ತದೆ ಎನ್ನುವ ಕಡೆ ಇಪ್ಪತ್ತನಾಲ್ಕು ವರ್ಷದ ಹುಡುಗ ಸುಮ್ಮನಿರುತ್ತಾನೆ.

ಬಾಕ್ಸಿಂಗ್‌ನಲ್ಲಿ ಇದು ಹಳೆಯ ರೋಗ. ಅಮೆರಿಕದ ಹೆವಿವೇಟ್ ಚಾಂಪಿಯನ್ ಆಗಿದ್ದ ಜೋ ಫ್ರೇಜಿಯರ್ ಎಡಗಣ್ಣು ಸರಿಯಾಗಿ ಕಾಣದೆಯೇ ವರ್ಷಗಟ್ಟಲೆ ಆಡಿದವರು. ಡಾಕ್ಟರ್‌ಗಳಿಂದ ಅದನ್ನು ಮುಚ್ಚಿಟ್ಟಿದ್ದಾಗಿ ಅವರೇ ಆಮೇಲೆ ಹೇಳಿಕೊಂಡರು. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಮುಹಮ್ಮದ್ ಅಲಿ ಜೊತೆ ಆಡುವಾಗ ಅವರ ಬಲಗಣ್ಣೂ ಊದಿ ಮುಚ್ಚುತ್ತಾ ಬಂತು. ಹದಿನಾಲ್ಕು ಸುತ್ತು ಮುಗಿದಿತ್ತು, ಒಂದೇ ಬಾಕಿ. ಫ್ರೇಜಿಯರ್ ಆಡುತ್ತೇನೆ ಎಂದರು. ಕೋಚ್ ಎಡ್ಡಿ ಫಚ್ ಬಿಡಲಿಲ್ಲ, ಪಂದ್ಯ ನಿಲ್ಲಿಸಿದರು. ನಮ್ಮ ಹುಡುಗನ ಕೋಚ್‌ಗೆ ಈ ಪಂದ್ಯ ಬಾಯಿಪಾಠ. ಮುಂದೆ ಅದು ಉಪಯೋಗಕ್ಕೆ ಬಂತು.

ಕನ್ನಡಿಯ ಮುಂದೆ

ಕೋಚ್‌ಗೆ ಏನೋ ಸರಿ ಇಲ್ಲ ಎಂದು ಮೊದಲು ಗೊತ್ತಾದದ್ದು ಜ್ಯಾಬ್ ನೋಡಿ. ಅವರು ಕೈಯಲ್ಲಿ ಹಿಡಿದ ಪ್ಯಾಡ್‌ಗೆ ನೇರವಾಗಿ ಬೀಳುತ್ತಿದ್ದ ಗುದ್ದು ಒಂದೆರಡು ಇಂಚು ಮೊದಲೇ ನಿಲ್ಲುತ್ತಿತ್ತು. ಕೇಳಿದರು. ತೂಕ ಇಳಿಸುತ್ತಿದ್ದೇನೆ ಸರ್, ನಿದ್ದೆ ಬರುತ್ತಿಲ್ಲ ಎಂದ. ನಂಬುವಂಥ ಉತ್ತರವೇ. ಊಟ, ನೀರು ಕಡಿಮೆ ಮಾಡಿದವನ ಕಾಲು, ಕೈ ಎರಡೂ ಎಳೆಯುತ್ತವೆ.

ಪಂದ್ಯಕ್ಕೆ ಒಂಬತ್ತು ದಿನ ಇರುವಾಗ ಬೆಳಗ್ಗೆ ಲೆನ್ಸ್ ಹಾಕಲು ಕನ್ನಡಿಯ ಮುಂದೆ ನಿಂತ. ಬಲಗಣ್ಣು ಮುಚ್ಚಿದ್ದ. ಎಡಗಣ್ಣಿಗೆ ಕಾಣುತ್ತಿದ್ದ ಮುಖದಲ್ಲಿ ಮೂಗಿನ ಕೆಳಗಿನ ಭಾಗದಿಂದ ಬಲಕ್ಕೆ ಕಪ್ಪು ನೆರಳು. ರೆಟಿನಾ ಕಳಚಿದ್ದು ಮೇಲೆ, ಹೊರಬದಿಯಲ್ಲಿ. ಅದಕ್ಕೆ ನೆರಳು ಬಿದ್ದದ್ದು ತದ್ವಿರುದ್ಧ ಮೂಲೆಯಲ್ಲಿ, ಅಂದರೆ ಕೆಳಗೆ ಮೂಗಿನ ಕಡೆ. ಆ ಜಾಗವನ್ನು ಬಲಗಣ್ಣೂ ನೋಡುತ್ತದೆ. ಎರಡೂ ಕಣ್ಣು ತೆರೆದಿರುವಾಗ ಬಲಗಣ್ಣು ಎಡಗಣ್ಣಿನ ನೆರಳನ್ನು ತುಂಬಿಕೊಡುತ್ತದೆ. ಹಾಗಾಗಿ ಎಷ್ಟು ದಿನದಿಂದ ಆ ನೆರಳು ಬೆಳೆಯುತ್ತಿತ್ತೋ ಆತನಿಗೇ ಗೊತ್ತಿರಲಿಲ್ಲ. ಓದುಗರು ದಯವಿಟ್ಟು ಇದೊಂದನ್ನು ನೆನಪಿಡಿ. ಕಣ್ಣು ಪರೀಕ್ಷಿಸಿಕೊಳ್ಳುವಾಗ ಒಂದನ್ನು ಮುಚ್ಚಿ ಇನ್ನೊಂದರಲ್ಲಿ ನೋಡಿ. ಎರಡೂ ತೆರೆದು ನೋಡಿದರೆ ಅರ್ಧ ಸುಳ್ಳು ಕಾಣುತ್ತದೆ.

ಆ ದಿನ ಹೆದರಿ ಕೋಚ್‌ಗೆ ಫೋನ್ ಮಾಡಿದ. ಕೋಚ್ ಒಂದು ಮಾತೂ ಬೈಯಲಿಲ್ಲ. ಒಂದು ಗಂಟೆಯಲ್ಲಿ ಕಣ್ಣಿನ ಆಸ್ಪತ್ರೆಯಲ್ಲಿದ್ದರು. ಡಾಕ್ಟರ್ ನೋಡಿ ಹೇಳಿದ್ದು ಇಷ್ಟು: ರೆಟಿನಾ ಕಳಚಿದೆ, ಮ್ಯಾಕುಲಾ ಇನ್ನೂ ಅಂಟಿಕೊಂಡಿದೆ, ಆದರೆ ಅದರ ಅಂಚಿನವರೆಗೂ ನೀರು ಬಂದಿದೆ. ಇವತ್ತು ಅಥವಾ ನಾಳೆ ಆಪರೇಷನ್ ಆಗಬೇಕು.

ಮ್ಯಾಕುಲಾ ಕಳಚುವ ಮೊದಲು ಆಪರೇಷನ್ ಆದರೆ ಮೊದಲಿನಂಥ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು. ಕಳಚಿದ ಮೇಲೆ ಎಷ್ಟೇ ಚೆನ್ನಾಗಿ ಅಂಟಿಸಿದರೂ ನಡುವಿನ ದೃಷ್ಟಿ ಪೂರ್ತಿ ಮರಳುವುದು ಕಷ್ಟ. ಆ ಮಧ್ಯಾಹ್ನ ಎಲ್ಲವೂ ಈ ಒಂದು ಗೆರೆಯ ಮೇಲೆ ನಿಂತಿತ್ತು.

ಆಗ ಮೂರು ದನಿ ಎದ್ದವು. ಪಂದ್ಯ ಕುದುರಿಸಿದ ಮ್ಯಾನೇಜರ್ ಫೋನ್‌ನಲ್ಲಿ, ಒಂಬತ್ತು ದಿನ ತಾನೆ, ಆಡಿ ಬಂದು ಮಾಡಿಸಿದರಾಗದೇ ಎಂದರು. ಹುಡುಗ, ಒಂದು ರಾತ್ರಿ ಯೋಚಿಸುತ್ತೇನೆ ಎಂದ. ಕೋಚ್ ಹೊರಗೆ ಹೋಗಿ, ಹುಡುಗನನ್ನು ಕೇಳದೆ, ಆಯೋಜಕರಿಗೆ ಫೋನ್ ಮಾಡಿ ನಮ್ಮವನು ಆಡುವುದಿಲ್ಲ ಎಂದು ಹೇಳಿ ಬಂದರು. ಹುಡುಗ ಆಮೇಲೆ ತಿಂಗಳುಗಟ್ಟಲೆ ಅವರ ಜೊತೆ ಮಾತಾಡಲಿಲ್ಲ. ವಯಸ್ಸಿಗೆ ಬಂದವನ ಪರವಾಗಿ ಬೇರೆಯವರು ನಿರ್ಧಾರ ತೆಗೆದುಕೊಳ್ಳಬಹುದೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಈ ಒಂದು ವಿಷಯದಲ್ಲಿ ಕೋಚ್ ಮಾಡಿದ್ದೇ ಸರಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆಡುವವನಿಗೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವುದು ಅಸಾಧ್ಯವಾಗುವ ಗಳಿಗೆಗೆಂದೇ ರಿಂಗ್‌ನ ಮೂಲೆಯಲ್ಲಿ ಒಬ್ಬ ಕೋಚ್ ಇರುತ್ತಾನೆ.

ಆದರೂ ಆಪರೇಷನ್ ಮರುದಿನ ಆಗಲಿಲ್ಲ. ದುಡ್ಡಿರಲಿಲ್ಲ. ಲಕ್ಷದ ಹತ್ತಿರ ಬೇಕಿತ್ತು, ವಿಮೆ ಇರಲಿಲ್ಲ. ಅಕ್ಕ ಬಂಗಾರ ಅಡವಿಟ್ಟಳು, ಕೋಚ್ ಒಂದಷ್ಟು ಹೊಂದಿಸಿದರು. ಹಾಗೆ ಎರಡು ದಿನ ಹೋಯಿತು. ಟೇಬಲ್ ಮೇಲೆ ಮಲಗಿಸುವಷ್ಟರಲ್ಲಿ ಮ್ಯಾಕುಲಾ ಕಳಚಿತ್ತು. ಸರ್ಕಾರಿ ಆಸ್ಪತ್ರೆಯ ವಿಚಾರ ಆ ಗಾಬರಿಯಲ್ಲಿ ಯಾರ ತಲೆಗೂ ಬರಲಿಲ್ಲ. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ರೆಟಿನಾ ವಿಭಾಗವಿದೆ. ಇಂಥ ವಿಳಾಸಗಳು ಜಿಮ್‌ನ ಗೋಡೆಯ ಮೇಲೆ ಮೊದಲೇ ಬರೆದಿರಬೇಕು. ಹುಡುಕುವ ಹೊತ್ತು ಆಗ ಇರುವುದಿಲ್ಲ.

ಎರಡು ಆಪರೇಷನ್, ಒಂದು ಆಸೆ

ಮೊದಲ ಆಪರೇಷನ್‌ನಲ್ಲಿ ಕಣ್ಣಿನ ಸುತ್ತ ಸಿಲಿಕೋನ್ ಪಟ್ಟಿ ಬಿಗಿದು, ಒಳಗಿನ ದ್ರವ ತೆಗೆದು, ಗ್ಯಾಸ್ ತುಂಬಿದರು. ಗ್ಯಾಸ್ ರೆಟಿನಾವನ್ನು ಒತ್ತಿ ಹಿಡಿಯಬೇಕಾದರೆ ತಲೆಯನ್ನು ಹೇಳಿದ ಭಂಗಿಯಲ್ಲೇ ಇಡಬೇಕು. ದಿನಗಟ್ಟಲೆ ಮುಖ ಕೆಳಗೆ ಮಾಡಿ ಮಲಗಿದ. ಕಣ್ಣಲ್ಲಿ ಗ್ಯಾಸ್ ಇರುವವರೆಗೆ ವಿಮಾನ ಹತ್ತುವಂತಿಲ್ಲ. ಮೇಲೆ ಹೋದಂತೆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ದುಬೈ ಪಂದ್ಯದ ದಿನ ಆತ ಮಂಚದ ಮೇಲೆ ಬೋರಲಾಗಿ ಮಲಗಿದ್ದ.

ಐದನೇ ವಾರಕ್ಕೆ ಸ್ವಲ್ಪ ಕಾಣತೊಡಗಿತು. ಆಸೆ ಚಿಗುರಿತು. ಯಾರಿಗೂ ಹೇಳದೆ ಜಿಮ್‌ಗೆ ಹೋಗಿ ಗಾಳಿಯಲ್ಲಿ ಗುದ್ದು ಹಾಕಿದ, ಬ್ಯಾಗ್ ಮೇಲೂ ಮೆಲ್ಲಗೆ ಕೈ ಆಡಿಸಿದ. ಏಳನೇ ವಾರದಲ್ಲಿ ನೆರಳು ಮರಳಿ ಬಂತು. ಒಳಗೆ ಗಾಯ ಮಾಯುವಾಗ ಬೆಳೆದ ಪೊರೆ ಸುಕ್ಕುಗಟ್ಟಿ ರೆಟಿನಾವನ್ನು ಮತ್ತೆ ಎಳೆದಿತ್ತು. ಎರಡನೇ ಆಪರೇಷನ್‌ನಲ್ಲಿ ಪೊರೆ ಬಿಡಿಸಿ ಸಿಲಿಕೋನ್ ಎಣ್ಣೆ ತುಂಬಿದರು. ಅದನ್ನು ಕೆಲವು ತಿಂಗಳ ಮೇಲೆ ತೆಗೆದರು. ಅಷ್ಟರಲ್ಲಿ ಆ ಕಣ್ಣಿಗೆ ಕ್ಯಾಟರಾಕ್ಟ್ ಕೂಡ ಬಂದಿತ್ತು, ಅದಕ್ಕೆ ಆಪರೇಷನ್ ಮಾಡಿ ಕಣ್ಣಿನೊಳಗೆ ಲೆನ್ಸ್ ಹಾಕಿದರು. ಕೊನೆಗೆ ಎಡಗಣ್ಣಿನಲ್ಲಿ ಉಳಿದದ್ದು 6/36. ಅಂದರೆ ಸಾಮಾನ್ಯ ಕಣ್ಣು 36 ಮೀಟರ್ ದೂರದಿಂದ ಓದುವ ಅಕ್ಷರವನ್ನು ಈತ 6 ಮೀಟರ್ ಹತ್ತಿರ ಬಂದು ಓದಬೇಕು. ನೇರ ಗೆರೆಗಳು ಡೊಂಕಾಗಿ ಕಾಣುತ್ತವೆ.

ಜಿಮ್‌ಗೆ ಹೋಗಿದ್ದರಿಂದಲೇ ಹೀಗಾಯಿತು ಎಂದು ಆತ ಇವತ್ತಿಗೂ ನಂಬಿದ್ದಾನೆ. ಡಾಕ್ಟರ್ ಹಾಗೆ ಹೇಳಿಲ್ಲ. ಈ ಪೊರೆ ಮೊದಲ ಮೂರು ತಿಂಗಳಲ್ಲಿ ಯಾರಿಗಾದರೂ ಬೆಳೆಯಬಹುದು, ಮಂಚದಿಂದ ಏಳದವರಿಗೂ. ರೆಟಿನಾ ಹೆಚ್ಚು ದಿನ ಕಳಚಿದ್ದಷ್ಟೂ ಅದರ ಅಪಾಯ ಹೆಚ್ಚು. ಈ ಮಾತನ್ನು ನಾನು ಇಲ್ಲಿ ಒತ್ತಿ ಬರೆಯುತ್ತಿರುವುದು ಆತನಿಗಾಗಿಯೇ. ಕಣ್ಣು ಹೋದದ್ದರ ಮೇಲೆ ತಪ್ಪಿನ ಭಾರವನ್ನೂ ಒಬ್ಬನೇ ಹೊರುವುದು ಬೇಡ.

ಲೆನರ್ಡ್ ಮತ್ತೆ ಆಡಲಿಲ್ಲವೇ?

ಚೇತರಿಸಿಕೊಳ್ಳುವಾಗ ಆತನ ಮೊಬೈಲ್ ತುಂಬ ಅಮೆರಿಕದ ಹೆಸರಾಂತ ಬಾಕ್ಸರ್ ಶುಗರ್ ರೇ ಲೆನರ್ಡ್. ಲೆನರ್ಡ್‌ಗೂ ಎಡಗಣ್ಣಿನ ರೆಟಿನಾ ಕಳಚಿತ್ತು. ಮತ್ತೆ ಬಂದು 1987ರ ಏಪ್ರಿಲ್ 6ರಂದು ವಿಶ್ವ ಚಾಂಪಿಯನ್ ಮಾರ್ವಿನ್ ಹ್ಯಾಗ್ಲರ್‌ನನ್ನು ಸೋಲಿಸಲಿಲ್ಲವೇ? ಮ್ಯಾನೇಜರ್ ಕೂಡ ಇದನ್ನೇ ಹೇಳುತ್ತಿದ್ದರು. ಪೂರ್ತಿ ವಿವರ ಇಟ್ಟುಕೊಂಡು ನೋಡಿದರೆ ಆ ಪ್ರಕರಣ ಬೇರೆಯೇ ಹೇಳುತ್ತದೆ.

ಲೆನರ್ಡ್ 1982ರ ಮೇ 14ಕ್ಕೆ ಬಫಲೋ ನಗರದಲ್ಲಿ ಆಡಬೇಕಿತ್ತು. ತರಬೇತಿಯ ನಡುವೆ ಕಣ್ಣ ಮುಂದೆ ಚುಕ್ಕೆ ಕಂಡವು. ಅವರು ಡಾಕ್ಟರ್ ಬಳಿ ಹೋದರು. ಭಾಗಶಃ ಕಳಚಿದ ರೆಟಿನಾಕ್ಕೆ ಮೇ 9ರಂದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಪಂದ್ಯ ರದ್ದಾಯಿತು. ಆಗ ಅವರು ವಿಶ್ವ ಚಾಂಪಿಯನ್, ಕೋಟಿಗಟ್ಟಲೆ ಗಳಿಸಿದ್ದವರು. ಒಂದು ಪಂದ್ಯ ಬಿಟ್ಟರೆ ಮನೆ ಮುಳುಗುತ್ತಿರಲಿಲ್ಲ. ಅದೇ ನವೆಂಬರ್‌ನಲ್ಲಿ ನಿವೃತ್ತಿ ಹೇಳಿದರು. 1984ರಲ್ಲಿ ಮರಳುವ ಮೊದಲು ಬಲಗಣ್ಣಿನ ರೆಟಿನಾಕ್ಕೂ ಚಿಕಿತ್ಸೆ ಬೇಕಾಯಿತು. ಆ ಮೇ ತಿಂಗಳಲ್ಲಿ ಕೆವಿನ್ ಹೋವರ್ಡ್ ವಿರುದ್ಧ ಗೆದ್ದರೂ ಒಮ್ಮೆ ನೆಲಕ್ಕೆ ಬಿದ್ದರು, ಅಂದು ರಾತ್ರಿಯೇ ಮತ್ತೆ ನಿವೃತ್ತಿ ಎಂದರು. ಹ್ಯಾಗ್ಲರ್ ಪಂದ್ಯ ಬಂದದ್ದು ಅದಾಗಿ ಮೂರು ವರ್ಷಕ್ಕೆ.

ಹುಡುಗನೇ ಒಂದು ದಿನ ಇದನ್ನೆಲ್ಲ ಓದಿ ನನ್ನ ಬಳಿ ಬಂದು ಹೇಳಿದ: "ಅಂವಾ ಹೇಳ್ಯಾನ್ರಿ ಸರ. ನಾ ಹೇಳಲಿಲ್ಲ." ನಾನು ಅದಕ್ಕೆ ಇನ್ನೊಂದು ಸೇರಿಸಿದೆ. ಹೇಳಿದರೂ ಬದುಕು ನಡೆಯುವ ಸ್ಥಿತಿ ಲೆನರ್ಡ್‌ಗೆ ಇತ್ತು, ನಿನಗೆ ಇರಲಿಲ್ಲ.

ಆದರೂ ಆಸೆ ಪೂರ್ತಿ ಸಾಯಲಿಲ್ಲ. ಬೇರೊಂದು ರಾಜ್ಯದಲ್ಲಿ, ಹೆಚ್ಚು ಪರೀಕ್ಷೆ ಕೇಳದ ಒಂದು ಕೂಟದಲ್ಲಿ ಆಡಲು ಕರೆ ಬಂತು. ಹೋಗುವ ಮನಸ್ಸೂ ಆಗಿತ್ತು. ಅದನ್ನು ತಡೆದದ್ದು ಅಕ್ಕ. ಜಗಳ ಮಾಡಲಿಲ್ಲ. ಡಾಕ್ಟರ್ ಬಳಿ ಕರೆದುಕೊಂಡು ಹೋಗಿ, ತಮ್ಮನ ಎದುರೇ ಒಂದು ಪ್ರಶ್ನೆ ಕೇಳಿದಳು: "ಬಲಗಣ್ಣಿಗೂ ಹಿಂಗ ಆದ್ರ ಏನ್ರಿ ಡಾಕ್ಟ್ರೇ?" ಬಲಗಣ್ಣಿನಲ್ಲೂ ಲ್ಯಾಟಿಸ್ ಇತ್ತು, ಎರಡು ಸಣ್ಣ ತೂತೂ ಇದ್ದವು. ಅದಕ್ಕೆ ಆಗಲೇ ಲೇಸರ್ ಬೇಲಿ ಹಾಕಿದ್ದರು. ಡಾಕ್ಟರ್ ಸುತ್ತಿ ಬಳಸಿ ಹೇಳಲಿಲ್ಲ. ಆಗ ಬಸ್ಸಿನ ಬೋರ್ಡ್ ಕೂಡ ಓದಲು ಬರುವುದಿಲ್ಲ ಎಂದರು. ಹುಡುಗ ಆ ಕೂಟಕ್ಕೆ ಹೋಗಲಿಲ್ಲ. ಮುಂದಿನ ವಾರ ಲೈಸೆನ್ಸ್ ಬಿಟ್ಟುಕೊಡುವ ಪತ್ರ ತಾನೇ ಬರೆದ.

ಎಲ್ಲರೂ ಎಡಗಣ್ಣಿನ ಬಗ್ಗೆ ವರ್ಷವಿಡೀ ಮಾತಾಡಿದ್ದರು, ಆತ ಬಗ್ಗಿರಲಿಲ್ಲ. ಹೋದದ್ದರ ಲೆಕ್ಕ ಹೇಳಿದರೆ ಬಾಕ್ಸರ್‌ಗೆ ಛಲ ಏರುತ್ತದೆ. ಉಳಿದಿರುವುದು ಏನು ಎಂದು ತೋರಿಸಿದಾಗ ಆತ ಕೇಳಿಸಿಕೊಂಡ.

ಆಮೇಲೆ

ನಂತರದ ವರ್ಷ ಕಷ್ಟದ್ದು. ರೂಮಿನಿಂದ ಹೊರಗೆ ಬರುತ್ತಿರಲಿಲ್ಲ. ಲೋಟಕ್ಕೆ ನೀರು ಹಾಕಿದರೆ ಹೊರಗೆ ಚೆಲ್ಲುತ್ತಿತ್ತು, ಮೆಟ್ಟಿಲು ಇಳಿಯುವಾಗ ಎಡವುತ್ತಿದ್ದ. ದೂರ ಅಂದಾಜು ಮಾಡುವುದರಲ್ಲಿ ಎಲ್ಲರನ್ನೂ ಮೀರಿಸಿದ್ದವನಿಗೆ ಇದು ಎಷ್ಟು ಚುಚ್ಚಿರಬೇಕು! ಕೌನ್ಸೆಲಿಂಗ್‌ಗೆ ಹೋಗಲು ಮೊದಲು ಒಪ್ಪಲಿಲ್ಲ, ಆಮೇಲೆ ಹೋದ, ಉಪಯೋಗವಾಯಿತು. ಹಳೆಯ ಕೆಲಸ ಮರಳಿ ಸಿಗಲಿಲ್ಲ. ಅಂಗವಿಕಲರ ಸೌಲಭ್ಯಕ್ಕೂ ದಾರಿ ಇರಲಿಲ್ಲ. ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ 40 ಪ್ರತಿಶತ ಬೇಕು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿ ಇದ್ದರೂ ನಮ್ಮ ನಿಯಮದಲ್ಲಿ 30 ಮಾತ್ರ. ಈತನಿಗೆ ಅಷ್ಟೂ ಬರುವುದಿಲ್ಲ. ಕ್ರೀಡಾಪಟುವಿನ ಬದುಕು ಮುಗಿಸುವಷ್ಟು ದೊಡ್ಡ ನಷ್ಟ, ಕಾಗದದ ಮೇಲೆ ಲೆಕ್ಕಕ್ಕೇ ಬಾರದಷ್ಟು ಸಣ್ಣದು.

ಕೋಚ್ ಜೊತೆ ರಾಜಿಯಾದದ್ದು ನಿಧಾನವಾಗಿ. ಅವರೇ ಒತ್ತಾಯ ಮಾಡಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರದ ಸರ್ಟಿಫಿಕೇಟ್ ಕೋರ್ಸ್‌ಗೆ ಕಳಿಸಿದರು. ಈಗ ಅದೇ ಜಿಮ್‌ನಲ್ಲಿ ಮಕ್ಕಳಿಗೆ ಕಲಿಸುತ್ತಾನೆ. ಪ್ಯಾಡ್ ಹಿಡಿಯುವಾಗ ಪಾಲಿಕಾರ್ಬೊನೇಟ್ ಕನ್ನಡಕ ಕಡ್ಡಾಯ. ಸ್ಪಾರಿಂಗ್‌ಗೆ ಇಳಿಯುವುದಿಲ್ಲ.

ಆ ಜಿಮ್‌ನಲ್ಲಿ ಈಗ ಕೆಲವು ಪದ್ಧತಿ ಬದಲಾಗಿವೆ. ಸೇರುವ ಪ್ರತಿಯೊಬ್ಬರಿಗೂ ಡ್ರಾಪ್ಸ್ ಹಾಕಿಸಿ ರೆಟಿನಾ ಪರೀಕ್ಷೆ. ಮೈನಸ್ ಪವರ್ ಇದ್ದವರಿಗೆ ಆರು ತಿಂಗಳಿಗೊಮ್ಮೆ. ಖರ್ಚು ಜಿಮ್‌ನದೇ. ಹುಡುಗರೇ ಕೊಡಬೇಕು ಎಂದರೆ ಯಾರೂ ಹೋಗುವುದಿಲ್ಲ ಎಂದು ಕೋಚ್ ಕಂಡುಕೊಂಡಿದ್ದಾರೆ. ಹಳೆಯ, ಹೆಬ್ಬೆರಳು ಸಡಿಲವಾದ ಗ್ಲೌಸ್‌ಗಳನ್ನು ಸ್ಪಾರಿಂಗ್‌ನಿಂದ ತೆಗೆದಿದ್ದಾರೆ. ವಾರಕ್ಕೊಮ್ಮೆ ಎಲ್ಲರೂ ಸಾಲಾಗಿ ನಿಂತು ಒಂದೊಂದೇ ಕಣ್ಣು ಮುಚ್ಚಿ ಕೋಚ್‌ನ ಬೆರಳು ನೋಡಬೇಕು. ಮಿಂಚು, ಚುಕ್ಕೆ, ನೆರಳು ಯಾವುದಾದರೂ ಕಂಡರೆ ಅದೇ ದಿನ ಹೇಳಬೇಕು. ಹೇಳಿದವನ ತರಬೇತಿ ಶುಲ್ಕವನ್ನು ಆತ ಗುಣವಾಗುವವರೆಗೆ ಕೇಳುವುದಿಲ್ಲ. ಪಂದ್ಯದ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ, ಆರೋಗ್ಯದ ಕಾರಣಕ್ಕೆ ಪಂದ್ಯ ಮುಂದೂಡಬಹುದು ಎಂಬ ಸಾಲು ಇದೆಯೇ ನೋಡುತ್ತಾರೆ. ಆಯೋಜಕರು ಒಪ್ಪದಿದ್ದರೆ ಆ ಪಂದ್ಯ ಬಿಡುತ್ತಾರೆ, ಬಿಟ್ಟದ್ದೂ ಇದೆ. ವೃತ್ತಿಪರರಾಗುವವರಿಗೆ ಆರೋಗ್ಯ ವಿಮೆ ಇಲ್ಲದೆ ಕೋಚ್ ಮೂಲೆಯಲ್ಲಿ ನಿಲ್ಲುವುದಿಲ್ಲ. ಕೆಲಸದಲ್ಲಿ ಇರುವವರು ರಾಜೀನಾಮೆಗೆ ಮೊದಲು ಸಂಬಳವಿಲ್ಲದ ರಜೆ ಕೇಳಿ ನೋಡಬೇಕು.

ಒಂದು ವಿಷಯದಲ್ಲಿ ಮಾತ್ರ ನಮ್ಮಲ್ಲಿ ಇನ್ನೂ ಒಮ್ಮತ ಇಲ್ಲ. ಜಿಮ್‌ನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಪವರ್ ಮೈನಸ್ ಆರು. ಪರೀಕ್ಷೆಯಲ್ಲಿ ಒಂದು ಸಣ್ಣ ತೂತು ಸಿಕ್ಕಿ ಲೇಸರ್ ಆಗಿದೆ, ಕಣ್ಣು ಚೆನ್ನಾಗಿದೆ. ವೃತ್ತಿಪರಳಾಗಬೇಕು ಎನ್ನುತ್ತಾಳೆ. ಕೋಚ್ ಬೇಡವೇ ಬೇಡ ಎನ್ನುತ್ತಾರೆ. ಕಣ್ಣಿನ ಡಾಕ್ಟರ್, ಹವ್ಯಾಸಿ ಪಂದ್ಯ ಆಡಲಿ, ಪ್ರತಿ ಪಂದ್ಯದ ನಂತರ ತೋರಿಸಲಿ, ಎಂಟು ಹತ್ತು ಸುತ್ತಿನದು ಬೇಡ ಎನ್ನುತ್ತಾರೆ. ಎಲ್ಲವನ್ನೂ ತಿಳಿಸಿ ನಿರ್ಧಾರ ಅವಳಿಗೇ ಬಿಡಬೇಕು ಎಂಬುದು ನಮ್ಮ ಹುಡುಗನ ವಾದ. ನಾನು ಡಾಕ್ಟರ್ ಪಕ್ಷ. ಅವಳು ಸದ್ಯ ರಾಜ್ಯಮಟ್ಟದ ಕೂಟಕ್ಕೆ ತಯಾರಾಗುತ್ತಿದ್ದಾಳೆ. ಮುಂದಿನ ಕಣ್ಣಿನ ಪರೀಕ್ಷೆ ಅದಕ್ಕೂ ಮೊದಲೇ ಇದೆ. ಜೊತೆಗೆ ಹೋಗುವವನು ಆ ಹುಡುಗನೇ.